ಹುಲ್ಲಿನ ಹಿಂದೆ ಹತ್ತು ದಿನ: ಮಂಗೋಲಿಯಾದ ದಾರಿಯಲ್ಲಿ

ನಮ್ಮ ತಾತ ಚಳ್ಳಕೆರೆ ಸೀಮೆಯಲ್ಲಿ ಕುರಿ ಕಾಯ್ದವರು. ಊರಲ್ಲಿ ಮೇವು ತೀರಿದರೆ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ರಾತ್ರಿ ಯಾರದ್ದೋ ಹೊಲದಲ್ಲಿ ಮಂದೆ. ನಾನು ಮಂಗೋಲಿಯಾಕ್ಕೆ ಹೋಗ್ತೀನಿ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ಕುರಿ ಐತಾ?" ಇದೆ ತಾತ, ಜನಕ್ಕಿಂತ ಜಾಸ್ತಿ ಇದೆ ಅಂದೆ. "ಹಂಗಾದ್ರೆ ಹೋಗಿ ಬಾ" ಅಂದರು.

ನಾವು ಒಟ್ಟು ಒಂಬತ್ತು ಜನ. ಬೆಂಗಳೂರಿನವರು ಐವರು, ಪುಣೆಯ ಒಂದು ಕುಟುಂಬದ ಮೂವರು, ಧಾರವಾಡದ ಒಬ್ಬ ನಿವೃತ್ತ ಭೂಗೋಳ ಟೀಚರ್. ಟೀಚರ್‌ಗೆ 67 ವರ್ಷ. ತಂಡದಲ್ಲಿ ಎಲ್ಲರಿಗಿಂತ ಮೊದಲು ಬೆಳಿಗ್ಗೆ ಎದ್ದು ತಯಾರಾಗುತ್ತಿದ್ದವರು ಅವರೇ. ಆಗಸ್ಟ್ ಮೊದಲ ವಾರ ಹೊರಟೆವು.

ಮೊದಲ ದಿನ: ಉಲಾನ್‌ಬಾತರ್

ವಿಮಾನ ಇಳಿಯುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಳಗೆ ಗೆರೆಗಳೇ ಇಲ್ಲ. ನಮ್ಮ ಕಡೆ ಮೇಲಿಂದ ನೋಡಿದರೆ ಬದು, ಹೊಲ, ರಸ್ತೆ, ಎಲ್ಲ ಚೌಕ ಚೌಕ. ಇಲ್ಲಿ ಬರೀ ಹಸಿರು ಉಬ್ಬು ತಗ್ಗು, ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಆ ಚುಕ್ಕೆಗಳೇ ಗೆರ್, ಅಂದರೆ ಇಲ್ಲಿನ ಅಲೆಮಾರಿಗಳ ದುಂಡು ಮನೆ. ಕರ್ನಾಟಕದ ಎಂಟು ಪಟ್ಟು ದೊಡ್ಡ ದೇಶ ಇದು. ಜನ ಸುಮಾರು 35 ಲಕ್ಷ, ಸಾಕುಪ್ರಾಣಿಗಳು ಆರು ಕೋಟಿಯ ಆಸುಪಾಸು.

ಆ ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ರಾಜಧಾನಿಯಲ್ಲೇ ಇದ್ದಾರೆ. ಊರ ನಡುವೆ ಗಾಜಿನ ಕಟ್ಟಡಗಳು, ಸುತ್ತಲಿನ ಗುಡ್ಡಗಳ ಮೇಲೆ ಸಾಲುಸಾಲು ಗೆರ್‌ಗಳು. ಬಯಲಲ್ಲಿ ಪ್ರಾಣಿಗಳನ್ನು ಕಳೆದುಕೊಂಡ ಎಷ್ಟೋ ಸಂಸಾರಗಳು ಗೆರ್ ಬಿಚ್ಚಿಕೊಂಡು ಬಂದು ಈ ಗುಡ್ಡಗಳಲ್ಲಿ ಹೂಡಿವೆ. ಚಳಿಗಾಲದಲ್ಲಿ ಪ್ರತಿ ಮನೆಯ ಒಲೆಯಲ್ಲೂ ಕಲ್ಲಿದ್ದಲು ಉರಿದು ಊರೆಲ್ಲ ಹೊಗೆಯಂತೆ. ನಾವು ಹೋದಾಗ ಆಕಾಶ ಶುಭ್ರವಾಗಿತ್ತು.

ಸಂಜೆ ಗಂದನ್ ವಿಹಾರಕ್ಕೆ ಹೋದೆವು. ಒಳಗೆ 26.5 ಮೀಟರ್ ಎತ್ತರದ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಹಳೆಯ ಮೂರ್ತಿಯನ್ನು 1938ರಲ್ಲಿ ಸೋವಿಯತ್‌ನವರು ಕಳಚಿ ಒಯ್ದರು. ಈಗಿರುವುದು ಜನರ ಕಾಣಿಕೆಯಿಂದ 1996ರಲ್ಲಿ ನಿಂತದ್ದು. ಕಮ್ಯುನಿಸ್ಟ್ ಆಡಳಿತ ಮುಗಿಯುವ ಹೊತ್ತಿನಲ್ಲಿ ಇಲ್ಲಿ ಭಾರತದ ರಾಯಭಾರಿಯಾಗಿದ್ದವರು ಲಡಾಖಿನ ಬೌದ್ಧ ಗುರು ಬಕುಲಾ ರಿಂಪೋಚೆ. 1990ರಿಂದ 2000ದ ತನಕ ಇದ್ದು, ಮುಚ್ಚಿಹೋಗಿದ್ದ ಧರ್ಮಕ್ಕೆ ಮತ್ತೆ ಉಸಿರು ಕೊಟ್ಟರು. ಊರಲ್ಲಿ ಅವರು ಕಟ್ಟಿಸಿದ ವಿಹಾರವೂ ಇದೆ. ನಾವು ಭಾರತದವರು ಅಂದ ಕೂಡಲೇ ಬಾಗಿಲಲ್ಲಿ ಕೂತಿದ್ದ ಅಜ್ಜಿ "ಬಕುಲಾ, ಬಕುಲಾ" ಎಂದು ಕೈ ಮುಗಿದರು.

ಎರಡನೇ ದಿನ: ದಕ್ಷಿಣಕ್ಕೆ

ನಮ್ಮ ವಾಹನ ರಷ್ಯಾದ ಬೂದು ಬಣ್ಣದ ಉವಾಜ್ ವ್ಯಾನ್. ಇಲ್ಲಿ ಅದನ್ನು ಫುರ್ಗೋನ್ ಅಂತಾರೆ. ಎರಡು ಫುರ್ಗೋನ್, ಇಬ್ಬರು ಚಾಲಕರು, ಒಬ್ಬಳು ಗೈಡ್. ಗೈಡ್ ಹುಡುಗಿ ಓದಿದ್ದು ನಗರದಲ್ಲಿ, ಹುಟ್ಟಿ ಬೆಳೆದದ್ದು ಕುರಿಗಾರರ ಮನೆಯಲ್ಲಿ.

ಮೊದಲ ನೂರಾರು ಕಿ.ಮೀ. ಟಾರು ರಸ್ತೆ. ಒಂದು ದಿಣ್ಣೆ ಏರಿದ ಮೇಲೆ ಚಾಲಕರು ಗಾಡಿ ನಿಲ್ಲಿಸಿದರು. ದಾರಿಯ ಪಕ್ಕ ಕಲ್ಲುಗುಡ್ಡೆ, ಅದರ ಮೇಲೆ ನೀಲಿ ಬಟ್ಟೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಇದು ಓವೋ, ಆ ಜಾಗದ ದೇವರ ನೆಲೆ. ಮೂರು ಸುತ್ತು ಬಲಕ್ಕೆ ಸುತ್ತಿ, ಒಂದೊಂದು ಕಲ್ಲು ಸೇರಿಸಬೇಕು. ಟೀಚರ್ ಚಪ್ಪಲಿ ಬಿಟ್ಟು ಸುತ್ತಿದರು. "ನಮ್ಮೂರ ಕರಿಯಮ್ಮನ ಕಟ್ಟೆ ನೆನಪಾಯ್ತು" ಅಂದರು.

ಮಧ್ಯಾಹ್ನದ ಮೇಲೆ ರಸ್ತೆ ಬಿಟ್ಟೆವು. ಚಕ್ರದ ಹತ್ತು ಜಾಡುಗಳು ಹತ್ತು ಕಡೆಗೆ ಹೋಗುತ್ತವೆ. ಬೋರ್ಡಿಲ್ಲ, ಮರವಿಲ್ಲ. ಚಾಲಕ ಅಣ್ಣ ದೂರದ ಬೆಟ್ಟದ ಅಂಚು ನೋಡಿ ತಿರುಗಿಸುತ್ತಾರೆ. ಸಂಜೆ ತ್ಸಗಾನ್ ಸುವರ್ಗ ತಲುಪಿದೆವು. ಹೆಸರಿಗೆ "ಬಿಳಿ ಸ್ತೂಪ" ಎಂದು ಅರ್ಥ. ನಿಜಕ್ಕೂ ಅದು ಗಾಳಿ ಮಳೆ ಕಡೆದ ಬಿಳಿ, ಕೆಂಪು ಮಣ್ಣಿನ ಬಂಡೆಸಾಲು. ಸೂರ್ಯ ಮುಳುಗಿದ್ದು ರಾತ್ರಿ ಎಂಟರ ಮೇಲೆ. ಅಲ್ಲಿಯತನಕ ಯಾರೂ ಎದ್ದು ಹೋಗಲಿಲ್ಲ.

ಮೂರನೇ ದಿನ: ಹದ್ದಿನ ಕಣಿವೆ

ಯೋಲಿನ್ ಆಮ್. ಯೋಲ್ ಅಂದರೆ ಗಡ್ಡದ ರಣಹದ್ದು. ಗೋಬಿ ಮರುಭೂಮಿಯ ನಡುವೆ ಇರುವ ಈ ಇಕ್ಕಟ್ಟಾದ ಕಣಿವೆಯಲ್ಲಿ ಚಳಿಗಾಲದ ಮಂಜುಗಡ್ಡೆ ಬೇಸಿಗೆಯೊಳಗೂ ಉಳಿಯುತ್ತದೆ. ಮೊದಲೆಲ್ಲ ವರ್ಷಪೂರ್ತಿ ಇರುತ್ತಿತ್ತಂತೆ. ನಮಗೆ ಆಗಸ್ಟ್‌ನಲ್ಲಿ ಸಿಕ್ಕಿದ್ದು ತಣ್ಣನೆಯ ಝರಿ ಮಾತ್ರ. ಕಲ್ಲು ಸಂದಿಯಿಂದ ಪೀಕಾ ಎಂಬ ಪುಟ್ಟ ಪ್ರಾಣಿಗಳು ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡುತ್ತಿದ್ದವು. ಚಳಿಗಾಲಕ್ಕೆ ಬಣವೆ ಒಟ್ಟುತ್ತಿವೆ ಅಂದಳು ಗೈಡ್. ಈ ನಾಡಿನಲ್ಲಿ ಮೊಲದ ಬಳಗದ ಪ್ರಾಣಿಗೂ ಆಗಸ್ಟ್‌ನಲ್ಲೇ ಚಳಿಯ ಚಿಂತೆ.

ನಾಲ್ಕು, ಐದನೇ ದಿನ: ಮರಳು ಮತ್ತು ಮೊಟ್ಟೆ

ಖೋಂಗೊರಿನ್ ಎಲ್ಸ್ ಮರಳುದಿಬ್ಬಗಳು ನೂರು ಕಿ.ಮೀ.ಗೂ ಉದ್ದ ಹಬ್ಬಿವೆ. ದೊಡ್ಡ ದಿಬ್ಬ ಹತ್ತಲು ನಮಗೆ ಒಂದು ಗಂಟೆ ಬೇಕಾಯಿತು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತದೆ. ಮೇಲೆ ಹೋಗಿ ಕೂತು, ಎಲ್ಲರೂ ಒಟ್ಟಿಗೆ ಜಾರಿಕೊಂಡು ಇಳಿದೆವು. ಆಗ ಮರಳಿನೊಳಗಿಂದ ಒಂದು ಸದ್ದು ಎದ್ದಿತು. ದೂರದಲ್ಲಿ ವಿಮಾನ ಹಾರುವಂಥ ಗುಂಯ್ ಸದ್ದು. ಕಾಳುಕಾಳು ಉಜ್ಜಿ ಬರುವ ಸದ್ದು ಅದು. ಕೂತ ಜಾಗವೇ ನಡುಗುತ್ತದೆ. ಈ ದಿಬ್ಬಗಳಿಗೆ "ಹಾಡುವ ಮರಳು" ಎಂಬ ಹೆಸರೂ ಇದೆ.

ರಾತ್ರಿ ಗೆರ್ ಹೊರಗೆ ಕೂತಿದ್ದೆವು. ಪೂರ್ವದಲ್ಲಿ ಮಿನುಗದ ಒಂದು ಚುಕ್ಕೆ ಮೇಲೆ ಬಂತು. ಗೈಡ್ ಅದನ್ನು ತೋರಿಸಿ "ಸಾಂಚಿರ್" ಅಂದಳು. ಟೀಚರ್ ತಟ್ಟನೆ ಎದ್ದು ಕೂತರು. "ಶನೈಶ್ಚರ?" ಉಳಿದ ಗ್ರಹಗಳ ಹೆಸರು ಹೇಳು ಅಂದರು. ಅವಳು ಬೆರಳು ಮಡಚುತ್ತಾ ಹೇಳಿದಳು: ಬುದ್, ಸುಗರ್, ಅಂಗರಗ್, ಬರ್ಹಸ್ಬಾದ್. ಬುಧ, ಶುಕ್ರ, ಅಂಗಾರಕ, ಬೃಹಸ್ಪತಿ! ಬೌದ್ಧ ಧರ್ಮದ ಜೊತೆ ನಮ್ಮ ಕಡೆಯಿಂದ ನಡೆದು ಹೋದ ಹೆಸರುಗಳು. ಊರಿಂದ ಅಷ್ಟು ದೂರದ ಮರುಭೂಮಿಯಲ್ಲಿ ಅವನ್ನು ಕೇಳಿ ನನಗೆ ಮೈ ಝುಂ ಅಂತು.

ಮರುದಿನ ಬಾಯನ್‌ಝಗ್. ಸಂಜೆ ಬಿಸಿಲಿಗೆ ಕೆಂಡದಂತೆ ಹೊಳೆಯುವ ಮಣ್ಣಿನ ಬಂಡೆಗಳು. 1922ರಲ್ಲಿ ಅಮೆರಿಕದ ಅನ್ವೇಷಕ ರಾಯ್ ಚಾಪ್ಮನ್ ಆಂಡ್ರೂಸ್ ತಂಡ ಇಲ್ಲಿಗೆ ಬಂತು, ಮರುವರ್ಷ ಡೈನೋಸಾರ್ ಮೊಟ್ಟೆಗಳ ಗೂಡು ಸಿಕ್ಕಿತು. ಮೊಟ್ಟೆಯ ಮೇಲೆ ಬೇರೆ ಒಂದು ಡೈನೋಸಾರ್ ಎಲುಬು ಕಂಡು, ಇದು ಕದಿಯಲು ಬಂದದ್ದು ಅಂದುಕೊಂಡು "ಮೊಟ್ಟೆಗಳ್ಳ" ಎಂಬ ಅರ್ಥದ ಓವಿರಾಪ್ಟರ್ ಹೆಸರಿಟ್ಟರು. ಎಪ್ಪತ್ತು ವರ್ಷ ಆ ಕಳಂಕ ಉಳಿಯಿತು. 1990ರ ದಶಕದಲ್ಲಿ ಗೋಬಿಯ ಇನ್ನೊಂದು ಕಡೆ ಅಂಥದ್ದೇ ಮೊಟ್ಟೆಯೊಳಗೆ ಭ್ರೂಣ ಸಿಕ್ಕಾಗ ತಿಳಿಯಿತು: ಆ ಜಾತಿಯ ಡೈನೋಸಾರ್‌ಗಳು ತಮ್ಮ ಮೊಟ್ಟೆಗೇ ಕಾವು ಕೊಡುತ್ತಿದ್ದವು. ಹಾಗೆ ಗೂಡಿನ ಮೇಲೆ ಕೂತೇ ಸತ್ತ ಒಂದು ಬಳಗದ ಹೆಸರು ಚಿತಿಪತಿ. ಸಂಸ್ಕೃತದ ಚಿತಿ, ಪತಿ; ಅಂದರೆ ಚಿತೆಯ ಒಡೆಯ. ಪುಣೆಯ ಹುಡುಗಿ ಇದನ್ನು ಕೇಳಿ ತುಂಬ ಹೊತ್ತು ಸುಮ್ನೆ ಕೂತಿದ್ದಳು.

ಆರನೇ ದಿನ: ಮುರಿದ ಪಟ್ಟಾ, ಮುರಿದ ವಿಹಾರ

ಉತ್ತರಕ್ಕೆ ತಿರುಗಿದೆವು. ಹನ್ನೊಂದರ ಸುಮಾರಿಗೆ ಹಿಂದಿನ ಫುರ್ಗೋನ್‌ನ ಸ್ಪ್ರಿಂಗ್ ಪಟ್ಟಾ ಮುರಿಯಿತು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಯಾರೂ ಇಲ್ಲ. ಹಾಗೆಂದು ನಾವು ಅಂದುಕೊಂಡಿದ್ದೆವು. ಅರ್ಧ ಗಂಟೆಯಲ್ಲಿ ಒಬ್ಬ ಕುರಿಗಾರ ಮೋಟರ್‌ಸೈಕಲ್‌ನಲ್ಲಿ ಬಂದ. ಗಾಡಿ ನಿಂತಿದ್ದನ್ನು ದುರ್ಬೀನಿನಲ್ಲಿ ನೋಡಿದನಂತೆ. ಏನಾಯ್ತು ಅಂತ ಕೇಳಿ, ಹೋಗಿ, ಒಂದು ಫ್ಲಾಸ್ಕ್ ಉಪ್ಪಿನ ಚಹಾ, ಒಂದು ಮರದ ತುಂಡು, ಚರ್ಮದ ಹುರಿ ತಂದ. ಮೂವರು ಸೇರಿ ನಾಲ್ಕು ಗಂಟೆ ಕೆಲಸ ಮಾಡಿದರು. ದುಡ್ಡು ಕೊಡಲು ಹೋದಾಗ ಅವನ ಮುಖ ಬಾಡಿತು. ಗೈಡ್ ನಮ್ಮ ಕೈ ತಡೆದಳು. ಕೊನೆಗೆ ಅವನ ಮಕ್ಕಳಿಗೆ ಅಂತ ಒಂದು ಡಬ್ಬಿ ಚಿಕ್ಕಿ ಕೊಟ್ಟೆವು, ಎರಡೂ ಕೈಯಲ್ಲಿ ತೆಗೆದುಕೊಂಡ.

ಕತ್ತಲಾಗುವ ಮೊದಲು ಓಂಗಿ ತಲುಪಿದೆವು. ಹೊಳೆಯ ಎರಡೂ ದಡಕ್ಕೆ ವಿಹಾರಗಳಿದ್ದವು. 1930ರ ದಶಕದ ಕೊನೆಯಲ್ಲಿ ಸರ್ಕಾರವೇ ಒಡೆಸಿತು. ದೇಶದ ತುಂಬ ಹೀಗೇ ನೂರಾರು ವಿಹಾರ ಹೋದವು, ಸಾವಿರಾರು ಲಾಮಾಗಳು ಸತ್ತರು. ಉಳಿದಿರುವುದು ಮಣ್ಣಿನ ಗೋಡೆಗಳು. ಒಂದು ಮೂಲೆಯಲ್ಲಿ ಹೊಸದಾಗಿ ಕಟ್ಟಿದ ಸಣ್ಣ ಗುಡಿಯಲ್ಲಿ ದೀಪ ಉರಿಯುತ್ತಿತ್ತು.

ಏಳನೇ ದಿನ: ಖಾರ್ಖೊರಿನ್

ಗೋಬಿಯ ಬೂದು ಬಣ್ಣ ಹೋಗಿ ಮತ್ತೆ ಹಸಿರು ಬಂತು. ಓರ್ಖೋನ್ ಕಣಿವೆ. ಚಂಗೀಸ್ ಖಾನನ ಮಗ ಓಗೊದೈ 1235ರಲ್ಲಿ ಗೋಡೆ ಕಟ್ಟಿಸಿದ ರಾಜಧಾನಿ ಖಾರಖೋರುಮ್ ಇದ್ದದ್ದು ಇಲ್ಲೇ. 1254ರಲ್ಲಿ ಬಂದ ಫ್ರಾನ್ಸಿಸ್ಕನ್ ಸನ್ಯಾಸಿ ರುಬ್ರುಕ್ ಇಲ್ಲೊಂದು ಬೆಳ್ಳಿಯ ಮರ ಕಂಡು ಬರೆದಿಟ್ಟಿದ್ದಾನೆ. ಪ್ಯಾರಿಸ್‌ನ ಅಕ್ಕಸಾಲಿಗ ಮಾಡಿದ್ದು. ಅದರ ಕೊಳವೆಗಳಿಂದ ನಾಲ್ಕು ಬಗೆಯ ಮದ್ಯ ಸುರಿಯುತ್ತಿತ್ತಂತೆ, ಒಂದು ಕುದುರೆ ಹಾಲಿನದು. ಈಗ ನೆಲದ ಮೇಲೆ ಒಂದು ಕಲ್ಲಾಮೆ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಊರಿನ ಕಲ್ಲು ಇಟ್ಟಿಗೆಗಳು ಪಕ್ಕದ ಎರ್ದೆನೆ ಝೂ ವಿಹಾರ ಸೇರಿದವು. 1585ರಲ್ಲಿ ಶುರುವಾದ ವಿಹಾರ, ಸುತ್ತ ನೂರರ ಆಸುಪಾಸು ಸ್ತೂಪಗಳ ಬಿಳಿ ಗೋಡೆ. ಎರ್ದೆನೆ ಎಂಬ ಮಾತಿನ ಬೇರು ನಮ್ಮ ರತ್ನ.

ಅಲ್ಲಿ ಒಬ್ಬ ನಡುವಯಸ್ಸಿನ ಲಾಮಾ ನಮ್ಮ ಮಾತು ಕೇಳಿ ನಿಂತರು. ಸ್ವಲ್ಪ ಹೊತ್ತು ಕಿವಿಗೊಟ್ಟು, ನಿಧಾನವಾಗಿ "ಎಷ್ಟಾಯ್ತು?" ಅಂದರು. ಕನ್ನಡದಲ್ಲಿ! ನಾವು ಬೆಪ್ಪಾದೆವು. ಅವರು ನಮ್ಮ ಮುಂಡಗೋಡಿನಲ್ಲಿ, ಟಿಬೆಟನ್ನರ ಡ್ರೆಪುಂಗ್ ಗೋಮಾಂಗ್ ವಿಹಾರದಲ್ಲಿ, ಎಂಟು ವರ್ಷ ಓದಿದವರು. ಇಲ್ಲಿನ ಎಷ್ಟೋ ಲಾಮಾಗಳು ಓದಲು ಅಲ್ಲಿಗೇ ಹೋಗುತ್ತಾರೆ. ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಕನ್ನಡ ಅವರಿಗೆ ನೆನಪಿತ್ತು. ಟೀಚರ್ ಧಾರವಾಡ ಅಂದಾಗ "ಪೇಡಾ" ಅಂದರು. ಆಮೇಲೆ ಈ ವರ್ಷ ಮಳೆ ಹೇಗಿದೆ, ಭತ್ತ ನಾಟಿ ಆಯಿತಾ ಎಂದು ಗೈಡ್ ಮೂಲಕ ಕೇಳಿದರು. ತಮ್ಮೂರಿನ ಬಗ್ಗೆ ಕೇಳುವ ದನಿಯಲ್ಲೇ ಕೇಳಿದರು.

ಎಂಟು, ಒಂಬತ್ತನೇ ದಿನ: ಖೋಗ್ನೋ ಖಾನ್ ಬೆಟ್ಟದ ಕೆಳಗೆ

ಇಡೀ ಪ್ರವಾಸದಲ್ಲಿ ನಾನು ಕಾಯುತ್ತಿದ್ದ ದಿನಗಳು ಇವು. ಗೈಡ್‌ನ ಪರಿಚಯದ ಒಂದು ಸಂಸಾರದ ಜೊತೆ ಎರಡು ರಾತ್ರಿ. ಗೆರ್ ಹತ್ತಿರ ಹೋದಾಗ ಬಾಗಿಲು ತಟ್ಟುವ ಪದ್ಧತಿ ಇಲ್ಲ. ದೂರದಿಂದಲೇ "ನೊಖೋಯ್ ಖೋರ್!" ಎಂದು ಕೂಗಬೇಕು. ನಾಯಿ ಹಿಡ್ಕೊಳ್ಳಿ ಅಂತ. ನಾಯಿ ಇಲ್ಲದಿದ್ದರೂ ಹಾಗೇ ಕೂಗುವುದು.

ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಹೊಸ್ತಿಲು ತುಳಿಯಬಾರದು. ನಮ್ಮಲ್ಲೂ ಹಾಗೇ ಅಲ್ವಾ? ಅತಿಥಿಗಳು ಎಡಗಡೆಯಿಂದ ಹೋಗಿ ಪಡುವಣ ಬದಿಗೆ ಕೂರಬೇಕು. ನಡುವಿನ ಎರಡು ಕಂಬಗಳ ಮಧ್ಯೆ ನುಸುಳಬಾರದು. ಒಲೆಗೆ ಕಸ ಹಾಕಬಾರದು, ಬೆಂಕಿಯ ಕಡೆ ಕಾಲು ಚಾಚಬಾರದು. ನೆತ್ತಿಯಲ್ಲಿ ತೋನೋ ಎಂಬ ದುಂಡು ಕಿಂಡಿ. ಅದರಿಂದ ಬಿದ್ದ ಬಿಸಿಲು ಗೋಡೆಯ ಯಾವ ಗಳದ ಮೇಲಿದೆ ಎಂದು ನೋಡಿ ಮನೆಯ ಅಮ್ಮ "ಹಾಲು ಕರೆಯೋ ಹೊತ್ತಾಯ್ತು" ಅಂದರು. ಗಡಿಯಾರ ಗೋಡೆಯಲ್ಲಿ ಇತ್ತು, ಅವರು ಅತ್ತ ನೋಡಲೇ ಇಲ್ಲ.

ಕುದುರೆ ಹಾಲು ಕರೆಯುವುದನ್ನು ಮೊದಲ ಸಲ ನೋಡಿದೆ. ನೆಲದಲ್ಲಿ ಉದ್ದ ಹಗ್ಗ ಬಿಗಿದು ಮರಿಗಳನ್ನು ಕಟ್ಟಿರುತ್ತಾರೆ. ಮರಿ ಇದ್ದಲ್ಲಿಗೆ ತಾಯಿ ಬರುತ್ತದೆ. ಮೊದಲು ಮರಿಗೆ ಬಿಡಬೇಕು, ತಾಯಿ ಹಾಲು ಇಳಿಸುತ್ತದೆ. ಆಮೇಲೆ ಮಗ ಮರಿಯನ್ನು ತಾಯಿಗೆ ಒತ್ತಿ ಹಿಡಿಯುತ್ತಾನೆ, ಅಮ್ಮ ಒಂದು ಮಂಡಿಯೂರಿ ಕರೆಯುತ್ತಾರೆ. ಒಂದು ಸಲಕ್ಕೆ ಸಿಗುವುದು ಸ್ವಲ್ಪವೇ. ಅದಕ್ಕೆ ಎರಡು ಗಂಟೆಗೊಮ್ಮೆ ದಿನಕ್ಕೆ ಐದಾರು ಸಲ. ಆ ಹಾಲು ಬಾಗಿಲ ಪಕ್ಕದ ದನದ ಚರ್ಮದ ಚೀಲಕ್ಕೆ ಬೀಳುತ್ತದೆ. ಒಳಗೆ ಬಂದವರು ಹೊರಗೆ ಹೋಗುವವರು ಎಲ್ಲರೂ ಕಡೆಗೋಲು ಹಿಡಿದು ಒಂದಷ್ಟು ಕಡೆಯಬೇಕು. ಸಾವಿರಾರು ಸಲ ಕಡೆದ ಮೇಲೆ ಅದು ಐರಗ್. ಹುಳಿ ಮಜ್ಜಿಗೆಯಂತೆ ನಾಲಿಗೆಗೆ ತಾಗಿ, ಹಿಂದೆಯೇ ಬುರುಬುರು ಅನ್ನುತ್ತದೆ. ಸ್ವಲ್ಪ ಅಮಲೂ ಇದೆ. ನಾನು ಎರಡು ಬಟ್ಟಲು ಕುಡಿದೆ.

ಮಾಂಸ ತಿನ್ನದವರಿಗೆ ಮಂಗೋಲಿಯಾದಲ್ಲಿ ಉಪವಾಸ ಎಂದು ಹೆದರಿಸಿದವರಿದ್ದರು. ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಬೇಸಿಗೆಯಲ್ಲಿ ಇಲ್ಲಿನವರ ಮುಖ್ಯ ಊಟ "ಬಿಳಿ ಆಹಾರ", ಅಂದರೆ ಹಾಲಿನದು. ಮೊಸರು, ದಪ್ಪ ಕೆನೆ, ಗೆರ್ ಚಾವಣಿಯ ಮೇಲೆ ಒಣಗಿಸಿದ ಆರೂಲ್ ಎಂಬ ಕಲ್ಲಿನಂಥ ಮೊಸರುಗಟ್ಟಿ. ಟೀಚರ್ ತಾವು ತಂದ ಅವಲಕ್ಕಿಗೆ ಆ ಮೊಸರು ಕಲಸಿ, ಮನೆಯವರಿಗೆಲ್ಲ ಒಂದೊಂದು ತುತ್ತು ಕೊಟ್ಟರು. ಅಮ್ಮನಿಗೆ ಒಗ್ಗರಣೆಯ ಸಾಸಿವೆ ಹಿಡಿಸಿತು.

ಸಂಜೆ ಮನೆಯ ಯಜಮಾನರ ಜೊತೆ ಕುರಿ ಹಿಂದೆ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: ನಿಮ್ಮ ಪ್ರಾಣಿಗಳು ಮೈದುಂಬಿವೆಯಾ? ಅಲ್ಲಿ ಯೋಗಕ್ಷೇಮ ಕೇಳುವುದೇ ಹಾಗೆ. ನಮ್ಮ ತಾತನ ಕುರಿಗಳ ವಿಷಯ ಹೇಳಿದೆ. ಅವರು ನಿಂತು ನನ್ನನ್ನು ಹೊಸದಾಗಿ ನೋಡಿದರು. ಆಮೇಲೆ ಮಾತು ಸರಾಗವಾಯಿತು.

ನಾನು ಅಲೆಮಾರಿ ಬದುಕು ಅಂದರೆ ಮನಸ್ಸು ಬಂದ ಕಡೆ ಹೋಗುವುದು ಅಂದುಕೊಂಡಿದ್ದೆ. ಅವರ ಲೆಕ್ಕ ಕೇಳಿ ಬೆರಗಾದೆ. ಬೇಸಿಗೆಗೆ ನೀರಿನ ಹತ್ತಿರ, ಶರತ್ಕಾಲಕ್ಕೆ ಕೊಬ್ಬು ಕೂಡಿಸುವ ಹುಲ್ಲು ಇರುವಲ್ಲಿ, ಚಳಿಗಾಲಕ್ಕೆ ಗಾಳಿ ತಡೆಯುವ ಬೆಟ್ಟದ ದಕ್ಷಿಣ ಮಗ್ಗುಲು, ವಸಂತಕ್ಕೆ ಮರಿ ಹಾಕಿಸಲು ಬೆಚ್ಚನೆಯ ಕಡೆ. ನಾಲ್ಕು ನೆಲೆ, ಎಲ್ಲಕ್ಕೂ ಹೆಸರಿದೆ. ಚಳಿಗಾಲದ ನೆಲೆಯ ಹುಲ್ಲನ್ನು ಬೇಸಿಗೆಯಲ್ಲಿ ಯಾರೂ ಮುಟ್ಟುವಂತಿಲ್ಲ. 1992ರ ಸಂವಿಧಾನದ ಪ್ರಕಾರ ಇಲ್ಲಿ ಹುಲ್ಲುಗಾವಲನ್ನು ಯಾರೂ ಸ್ವಂತ ಮಾಡಿಕೊಳ್ಳುವಂತಿಲ್ಲ. ನೆಲಕ್ಕೆ ಬೇಲಿ ಇಲ್ಲ, ಆದರೆ ನೆಲದ ಮೇಲೆ ಮಾತಿದೆ. ನಮ್ಮ ತಾತನಿಗೂ ಹೀಗೇ ಯಾವ ತಿಂಗಳು ಯಾವ ಗುಡ್ಡ ಎಂಬ ಲೆಕ್ಕವಿತ್ತು. ಈಗ ಆ ಗುಡ್ಡಗಳಿಗೆಲ್ಲ ತಂತಿ ಬಿದ್ದಿದೆ. ಯಜಮಾನರಿಗೆ ಇದನ್ನು ಹೇಳಿದಾಗ ತಲೆ ಅಲ್ಲಾಡಿಸಿದರು.

ಜುದ್ ಬಗ್ಗೆ, ಅಂದರೆ ಹಿಂಡುಗಳನ್ನೇ ಸಾಯಿಸುವ ಕಡುಚಳಿಗಾಲದ ಬಗ್ಗೆ ಕೇಳಿದೆ. ಹಿಮ ದಪ್ಪ ಬಿದ್ದು ಹುಲ್ಲು ಸಿಗದಿದ್ದರೆ ಬಿಳಿ ಜುದ್. ಹಿಮವೇ ಬೀಳದೆ ನೀರಿಲ್ಲದಾದರೆ ಕರಿ ಜುದ್. ಕರಗಿದ ಹಿಮ ಮತ್ತೆ ಗಡ್ಡೆಕಟ್ಟಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿದರೆ ಕಬ್ಬಿಣದ ಜುದ್. 2009–10ರ ಚಳಿಗಾಲದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು, 2023–24ರಲ್ಲಿ ಮತ್ತೆ 70 ಲಕ್ಷಕ್ಕೂ ಹೆಚ್ಚು. ಮೊದಲನೆಯದರಲ್ಲಿ ಅವರ ನಾನೂರು ಕುರಿ ಮೇಕೆಗಳಲ್ಲಿ ಉಳಿದದ್ದು ಅರವತ್ತು. ಅವರ ತಮ್ಮ ಆಗಲೇ ನಗರಕ್ಕೆ ಹೋದ. ಮೊದಲ ದಿನ ಗುಡ್ಡದ ಮೇಲೆ ನೋಡಿದ ಆ ಗೆರ್ ಸಾಲಿನಲ್ಲಿ ಎಲ್ಲೋ ಅವನದೂ ಒಂದಿದೆ. ಮೇಕೆಗಳ ನವಿರು ಒಳಗೂದಲಾದ ಕ್ಯಾಶ್ಮೀರ್‌ಗೆ ಒಳ್ಳೆ ಬೆಲೆ ಇರುವುದರಿಂದ ಎಲ್ಲರೂ ಮೇಕೆ ಜಾಸ್ತಿ ಮಾಡಿದರು, ಮೇಕೆ ಹುಲ್ಲನ್ನು ಬೇರಿನ ತನಕ ಮೇಯುತ್ತದೆ ಅಂದರು. "ನಾನೂ ಮಾಡಿದೆ. ಮಗಳ ಕಾಲೇಜಿನ ಫೀಸು ಮೇಕೆಯಿಂದಲೇ ಬರುತ್ತೆ." ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕೊನೆಯ ರಾತ್ರಿ ನಮಗಾಗಿ ಒಂದು ಕುರಿ. ನೆಲಕ್ಕೆ ಒಂದು ಹನಿ ರಕ್ತವೂ ಬೀಳದಂತೆ ಕೊಯ್ದರು. ಹಾಲಿನ ಕ್ಯಾನಿನಲ್ಲಿ ಮಾಂಸ, ಆಲೂಗಡ್ಡೆ, ನಡುನಡುವೆ ಕಾದು ಕೆಂಪಾದ ಹೊಳೆಗಲ್ಲುಗಳನ್ನು ಹಾಕಿ ಮುಚ್ಚಿ ಬೇಯಿಸುವ ಖೋರ್ಖೋಗ್. ತೆಗೆದ ಮೇಲೆ ಜಿಡ್ಡುಜಿಡ್ಡಾದ ಬಿಸಿ ಕಲ್ಲುಗಳನ್ನು ಕೈಯಿಂದ ಕೈಗೆ ಆಡಿಸುತ್ತಾ ದಾಟಿಸಿದರು, ಮೈಗೆ ಒಳ್ಳೆಯದಂತೆ. ಟೀಚರ್ ಕೂಡ ಒಂದು ಕಲ್ಲು ಹಿಡಿದರು. ಆಮೇಲೆ ಮಗ ಕುದುರೆ ತಲೆಯ ಪಿಟೀಲು, ಮೊರಿನ್ ಖೂರ್, ನುಡಿಸಿದ. ಎರಡೇ ತಂತಿ. ಹೊರಗೆ ಕಟ್ಟಿದ್ದ ಕುದುರೆ ಒಮ್ಮೆ ಕೆನೆಯಿತು.

ಹತ್ತನೇ ದಿನ: ಮರಳಿ

ಬೆಳಿಗ್ಗೆ ಹೊರಡುವಾಗ ಯಜಮಾನರು ಒಂದು ತುಂಡು ಫೆಲ್ಟ್ ತಂದು ಎರಡೂ ಕೈಯಲ್ಲಿ ಕೊಟ್ಟರು. ಗೆರ್ ಹೊದಿಸುವ ಅದೇ ಉಣ್ಣೆಯ ಹಾಸು. ನಮ್ಮ ಕಂಬಳಿಯಂತೆ ನೇಯುವುದಿಲ್ಲ. ಉಣ್ಣೆ ಬಡಿದು, ಹರಡಿ, ನೀರು ಚಿಮುಕಿಸಿ, ಸುತ್ತಿ, ಕುದುರೆಗೆ ಕಟ್ಟಿ ಬಯಲ ತುಂಬ ಉರುಳಿಸುತ್ತಾರೆ. "ನಿಮ್ಮ ತಾತನಿಗೆ" ಅಂದರು. ಫುರ್ಗೋನ್ ಹೊರಟಿತು. ಹಿಂದೆ ತಿರುಗಿ ನೋಡಿದರೆ, ಅಮ್ಮ ಮರದ ಸೌಟಿನಿಂದ ನಮ್ಮ ದಾರಿಗೆ ಹಾಲು ಚಿಮುಕಿಸುತ್ತಿದ್ದರು.

ದಾರಿಯಲ್ಲಿ ಖುಸ್ತಾಯ್ ಕಾಡಿಗೆ ಹೋದೆವು. ಅಲ್ಲಿ ತಾಖಿ ಎಂಬ ಕಾಡುಕುದುರೆಗಳಿವೆ. 1960ರ ದಶಕದ ಕೊನೆಗೆ ಕಾಡಿನಲ್ಲಿ ಪೂರ್ತಿ ಅಳಿದವು. ಯುರೋಪಿನ ಮೃಗಾಲಯಗಳಲ್ಲಿ ಉಳಿದಿದ್ದ ಕೆಲವೇ ಕುದುರೆಗಳ ಸಂತಾನವನ್ನು 1992ರಲ್ಲಿ ವಾಪಸು ತಂದು ಬಿಟ್ಟರು. ಈಗ ನೂರಾರು ಆಗಿವೆ. ಇಳಿಹೊತ್ತಿಗೆ ಹನ್ನೊಂದು ತಾಖಿಗಳು ನೀರಿಗೆ ಇಳಿದವು. ದಪ್ಪ ಕುತ್ತಿಗೆ, ನೆಟ್ಟಗೆ ನಿಂತ ಕೂದಲು, ನಡುವೆ ಎರಡು ಮರಿ. ರಾತ್ರಿ ನಗರ ಸೇರಿದೆವು.

ಊರಿಗೆ ಬಂದ ವಾರದಲ್ಲೇ ಚಳ್ಳಕೆರೆಗೆ ಹೋದೆ. ತಾತನ ಕಣ್ಣು ಈಗ ಮಂಜು. ಫೆಲ್ಟ್ ತುಂಡನ್ನು ಏನೂ ಹೇಳದೆ ಅವರ ಕೈಗಿಟ್ಟೆ. ಹೆಬ್ಬೆರಳಲ್ಲಿ ಉಜ್ಜಿದರು. ಒಂದು ಎಳೆ ಬಿಡಿಸಿ ಎಳೆದು ನೋಡಿದರು. ಮೂಗಿಗೆ ಹಿಡಿದು ಮೂಸಿದರು.

"ಮರಿ ಉಣ್ಣೆ" ಅಂದರು. "ಮೊದಲ ಸಲ ಕತ್ತರಿಸಿದ್ದು."

ಅದನ್ನು ಮಡಚಿ ತಮ್ಮ ಕಂಬಳಿಯ ಒಳಗೆ ಇಟ್ಟುಕೊಂಡು, ಅವರಿಗೆ ಎಷ್ಟು ಕುರಿ ಉಳಿದಾವೆ ಅಂತ ಕೇಳಿದರು.